ದೇವರ ಮಗುವಿಗೆ ಉಪ್ಪಿಟ್ಟು ಬೇಡವಂತೆ

"ದೇವರ ಮಗು" ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಹಾಗೆನ್ನುವವರ ಮನಸ್ಸು ಕೆಟ್ಟದ್ದೇನಲ್ಲ. ಮದುವೆ ಮನೆಯಲ್ಲೋ ಆಸ್ಪತ್ರೆಯ ಬೆಂಚಿನ ಮೇಲೋ ಒಬ್ಬ ತಾಯಿ ಎಂಟು ಹತ್ತು ವರ್ಷದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿರುತ್ತಾಳೆ. ಮಗುವಿನ ಕೈಕಾಲು ಸೆಟೆದುಕೊಂಡಿರುತ್ತವೆ, ಕತ್ತು ನಿಲ್ಲುವುದಿಲ್ಲ, ಬಾಯಿಯಿಂದ ಜೊಲ್ಲು ಸೋರುತ್ತಿರುತ್ತದೆ. ನೋಡಿದವರಿಗೆ ಏನು ಹೇಳಬೇಕೋ ತೋಚುವುದಿಲ್ಲ. "ಪಾಪ, ದೇವರ ಮಗು ಕಣಮ್ಮಾ" ಎಂದು ನಿಟ್ಟುಸಿರು ಬಿಡುತ್ತಾರೆ. ಕೆಲವರು ಹತ್ತು ರೂಪಾಯಿಯ ನೋಟನ್ನು ಮಗುವಿನ ಮುಷ್ಟಿಗೆ ತುರುಕಿ ಕೈ ಮುಗಿದೂ ಹೋಗುತ್ತಾರೆ.

ಸರಿ, ದೇವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂದು ಸ್ವಲ್ಪ ಯೋಚಿಸಿ ನೋಡಿ. ಬೆಳಿಗ್ಗೆ ಎಬ್ಬಿಸುತ್ತೇವೆ, ಸ್ನಾನ ಮಾಡಿಸುತ್ತೇವೆ, ಬಟ್ಟೆ ಉಡಿಸುತ್ತೇವೆ, ಹೂ ಮುಡಿಸುತ್ತೇವೆ. ನೈವೇದ್ಯಕ್ಕೆ ಏನಿಟ್ಟರೂ ಅದು ಒಲ್ಲೆ ಎನ್ನುವುದಿಲ್ಲ. ಕೋಸಂಬರಿಗೆ ಉಪ್ಪು ಹೆಚ್ಚಾಯಿತೆಂದು ಮುಖ ತಿರುಗಿಸಿದ ವಿಗ್ರಹವನ್ನು ನಾನಂತೂ ಕಂಡಿಲ್ಲ. ನಮ್ಮ ಮನೆಗಳಲ್ಲಿ ಮಾತು ಬಾರದ, ಕೈಕಾಲು ಸ್ವಾಧೀನವಿಲ್ಲದ ಮಕ್ಕಳನ್ನೂ ಹೀಗೆಯೇ ಸಾಕುತ್ತೇವೆ. ಮೀಯಿಸುತ್ತೇವೆ, ಉಣಿಸುತ್ತೇವೆ, ದೃಷ್ಟಿ ತೆಗೆಯುತ್ತೇವೆ. ಪ್ರೀತಿಗೇನೂ ಕೊರತೆಯಿಲ್ಲ. ಆದರೆ ಆ ಮಗುವನ್ನು ಯಾರೂ ಏನನ್ನೂ ಕೇಳುವುದಿಲ್ಲ. ಬೇಕೋ ಬೇಡವೋ, ಅದೋ ಇದೋ, ಸಾಕೋ ಇನ್ನೂ ಬೇಕೋ, ಊಹೂಂ. ನನ್ನ ತಕರಾರು ಇಷ್ಟೇ, ಆದರೆ ಇಪ್ಪತ್ತು ವರ್ಷಗಳಿಂದ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೇನೆ.

ನನ್ನ ಮಗಳು ಹುಟ್ಟಿದ್ದು 2002ರಲ್ಲಿ, ಹಾಸನದಲ್ಲಿ. ಹುಟ್ಟಿದ ಮೂರನೆಯ ದಿನ ಕಾಮಾಲೆ ಏರಿತು. ಎಳೆಬಿಸಿಲಿಗೆ ಹಿಡಿಯಿರಿ, ಇಳಿಯುತ್ತೆ ಎಂದರು. ಇಳಿಯಲಿಲ್ಲ. ಹಸುಗೂಸಿನ ಕಾಮಾಲೆ ಒಂದು ಮಿತಿ ಮೀರಿದರೆ ಆ ಹಳದಿ ಅಂಶ ಮಿದುಳಿಗೆ ಇಳಿದು ಹಾನಿ ಮಾಡುತ್ತದೆ. ಹೊತ್ತಿಗೆ ಸರಿಯಾಗಿ ನೀಲಿ ದೀಪದ ಕೆಳಗೆ ಮಲಗಿಸಿದ್ದರೆ ಬಹಳಷ್ಟು ಮಕ್ಕಳು ಪಾರಾಗುತ್ತಾರೆ. ಆ ಕಥೆ ಇರಲಿ. ಒಂದೂವರೆ ವರ್ಷಕ್ಕೆ ಅವಳ ಚೀಟಿಯ ಮೇಲೆ ಸೆರೆಬ್ರಲ್ ಪಾಲ್ಸಿ ಎಂದು ಬರೆದರು. ಕನ್ನಡದಲ್ಲಿ ಮಿದುಳಿನ ಪಾರ್ಶ್ವವಾಯು ಎನ್ನುತ್ತಾರೆ. ಮಿದುಳು ಬೆಳೆಯುವ ಕಾಲದಲ್ಲಿ, ಬಸಿರಿನಲ್ಲೋ ಹೆರಿಗೆಯ ಹೊತ್ತಿನಲ್ಲೋ ಆಮೇಲೋ, ಅದಕ್ಕೆ ಬಿದ್ದ ಪೆಟ್ಟು ಇದು. ಸಾವಿರ ಮಕ್ಕಳು ಹುಟ್ಟಿದರೆ ಎರಡು ಮೂರು ಮಕ್ಕಳಿಗೆ ಹೀಗಾಗುತ್ತದೆ ಎಂದು ಲೆಕ್ಕ. ಮಿದುಳಿಗಾದ ಆ ಪೆಟ್ಟು ಮುಂದೆ ದೊಡ್ಡದಾಗುವುದಿಲ್ಲ, ಅಳಿದೂ ಹೋಗುವುದಿಲ್ಲ. ಕೈಕಾಲು ಹೇಳಿದಂತೆ ಕೇಳುವುದಿಲ್ಲ. ನಾಲಗೆ, ತುಟಿ, ಗಂಟಲು, ಉಸಿರು ಇವೂ ಸ್ನಾಯುಗಳ ಕೆಲಸವೇ ತಾನೇ? ಅವೂ ಕೇಳುವುದಿಲ್ಲ. ಮಾತು ಹೊರಡದಿರುವುದಕ್ಕೆ ಕಾರಣ ಅದು. ತಲೆಯೊಳಗೆ ಮಾತಿದೆಯೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ.

ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟುವವರೇ ಹೆಚ್ಚು. "ಇವಳಿಗೆ ಎಲ್ಲಾ ತಿಳಿಯುತ್ತಾ?" ಎಂದು ಅವಳ ಎದುರಿಗೇ ನನ್ನನ್ನು ಕೇಳುತ್ತಾರೆ. ಬುದ್ಧಿಮಟ್ಟ ಅಳೆಯಲು ಹೋದಾಗಲೂ ಇದೇ ಕಥೆ. ಮರದ ತುಂಡುಗಳನ್ನು ಜೋಡಿಸು, ಚಿತ್ರದ ಹೆಸರು ಹೇಳು, ಬೆರಳಿಟ್ಟು ತೋರಿಸು ಎನ್ನುತ್ತಾರೆ. ಬೆರಳು ಎತ್ತಿದರೆ ಕೈ ಇನ್ನೆತ್ತಲೋ ಹಾರುವ ಮಗುವಿಗೆ! ಹತ್ತು ನಿಮಿಷದಲ್ಲಿ ಪರೀಕ್ಷೆ ಮುಗಿದು "ತೀವ್ರ ಬುದ್ಧಿಮಾಂದ್ಯ" ಎಂಬ ಷರಾ ಬೀಳುತ್ತದೆ. ಅಂಥ ಅಳತೆ ಕೈಕಾಲಿನ ಅಳತೆಯೇ ಹೊರತು ಬುದ್ಧಿಯ ಅಳತೆಯಾಗುವುದು ಹೇಗೆ?

ಹಾಗೆಂದು ನಾನು ಸುಳ್ಳು ಆಸೆ ಹುಟ್ಟಿಸುವವಳಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಇಬ್ಬರಲ್ಲಿ ಒಬ್ಬರಿಗೆ ಬುದ್ಧಿಯ ತೊಂದರೆಯೂ ಜೊತೆಗಿರುತ್ತದೆ, ನಾಲ್ವರಲ್ಲಿ ಒಬ್ಬರಿಗೆ ಮಾತು ಬರುವುದಿಲ್ಲ ಎಂದು 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಈ ವಿಷಯ ತೆಗೆದ ಕೂಡಲೇ ಯಾರಾದರೊಬ್ಬರು ಸ್ಟೀಫನ್ ಹಾಕಿಂಗ್ ಅವರ ಹೆಸರು ಎತ್ತುತ್ತಾರೆ. ಇನ್ನೊಬ್ಬರು ಡಬ್ಲಿನ್ನಿನ ಕ್ರಿಸ್ಟಿ ಬ್ರೌನ್ ಬಗ್ಗೆ ಹೇಳುತ್ತಾರೆ. ಎಡಗಾಲಿನಲ್ಲಿ ಬರೆಯುತ್ತಿದ್ದವನು, 1954ರಲ್ಲಿ ತನ್ನ ಆತ್ಮಕಥೆ ಪ್ರಕಟಿಸಿದವನು. ದೊಡ್ಡವರು, ನಿಜ. ನಮ್ಮ ದೇಶದಲ್ಲೇ ಮುಂಬಯಿಯ ಮಾಲಿನಿ ಚಿಬ್ ಇದ್ದಾರೆ. ಒಂದು ಬೆರಳಿನಿಂದ ಟೈಪ್ ಮಾಡಿ ಓದಿ, ಅದೇ ಬೆರಳಿನ ಹೆಸರಿನಲ್ಲಿ ತಮ್ಮ ಬದುಕಿನ ಪುಸ್ತಕ ಬರೆದವರು. ಅವರ ತಾಯಿ ಮಿತು ಆಲೂರ್ ಮಗಳಿಗೆ ಶಾಲೆ ಸಿಗಲಿಲ್ಲವೆಂದು 1972ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿಯನ್ನೇ ಹುಟ್ಟುಹಾಕಿದರು. ಇವರನ್ನೆಲ್ಲ ಕಂಡರೆ ನನಗೂ ಹೆಮ್ಮೆಯೇ. ಆದರೆ ಈ ಉದಾಹರಣೆಗಳ ಒಳಗೊಂದು ಮೋಸವಿದೆ. ಮಗು ಜಾಣ ಎಂದು ಸಾಬೀತಾದರೆ ಅದರ ಮಾತು ಕೇಳೋಣ, ಇಲ್ಲದಿದ್ದರೆ ನಾವು ತುರುಕಿದ್ದನ್ನು ನುಂಗಲಿ ಎಂಬ ಧ್ವನಿ ಅದರಲ್ಲಿದೆ. ಉಪ್ಪಿಟ್ಟು ಬೇಡ ಎನ್ನಲು ಯಾರಿಗಾದರೂ ಪಿಎಚ್.ಡಿ. ಬೇಕೆ?

ಉಪ್ಪಿಟ್ಟಿನ ವಿಷಯ ಬಂತು, ಹೇಳಿಬಿಡುತ್ತೇನೆ. ಮಗಳು ಐದು ವರ್ಷದವಳಿದ್ದಾಗ ಮೈಸೂರಿನಲ್ಲಿ ಮಾತಿನ ಚಿಕಿತ್ಸೆ ಮಾಡುವ ಹುಡುಗಿಯೊಬ್ಬಳು ನನಗೆ ಸಿಕ್ಕಳು. ಹಾಸನದಿಂದ ಮೂರು ಗಂಟೆ ಬಸ್ಸಿನಲ್ಲಿ ಮಗುವನ್ನು ಹೊತ್ತು ಹೋಗಿದ್ದೆ. ಅಲ್ಲಿಯವರೆಗೆ ಎಲ್ಲರೂ ನನಗೆ ಹೇಳಿದ್ದು ಒಂದೇ ಪಾಠ, ಮೊದಲು ಕತ್ತು ನಿಲ್ಲಲಿ, ಆಮೇಲೆ ಕೂರಲಿ, ಆಮೇಲೆ ಮಾತು, ಆಮೇಲೆ ಅಕ್ಷರ ಎಂದು. ಆ ಹುಡುಗಿ ಇದ್ಯಾವುದನ್ನೂ ಹೇಳಲಿಲ್ಲ. ಮಗುವಿನ ಎದುರು ಕೂತಳು. ಒಂದು ಕೈಯಲ್ಲಿ ಬಿಸ್ಕತ್ತು, ಇನ್ನೊಂದು ಕೈಯಲ್ಲಿ ಬಾಳೆಹಣ್ಣು ಹಿಡಿದು, ಎರಡೂ ಕೈಗಳನ್ನು ದೂರ ದೂರ ಚಾಚಿ, "ಯಾವುದು ಬೇಕು ಪುಟ್ಟಿ?" ಎಂದಳು. ಕೇಳಿ ಸುಮ್ಮನಾದಳು. ನಾನು ಬಾಯಿ ಹಾಕಲು ಹೋದರೆ ಕಣ್ಣಲ್ಲೇ ತಡೆದಳು. ಗೋಡೆಯ ಗಡಿಯಾರದ ಸದ್ದು ಕೇಳುತ್ತಿತ್ತು. ಮಗಳ ಕತ್ತು ವಾಲಾಡಿ ವಾಲಾಡಿ, ಕಣ್ಣು ಬಾಳೆಹಣ್ಣಿನ ಮೇಲೆ ನಿಂತಿತು. ಹುಡುಗಿ ಕೈ ಅದಲು ಬದಲು ಮಾಡಿ ಮತ್ತೆ ಕೇಳಿದಳು. ಕಣ್ಣು ಬಾಳೆಹಣ್ಣನ್ನೇ ಹುಡುಕಿಕೊಂಡು ಹೋಯಿತು. ಐದು ವರ್ಷ ಯಾರೂ ಕೇಳದೆ ಇದ್ದ ಪ್ರಶ್ನೆ!

ಮನೆಗೆ ಬಂದು ರಟ್ಟು ಮಾಡಿದೆ. ಹಳೆಯ ಸೀರೆ ಪೆಟ್ಟಿಗೆಯ ಮುಚ್ಚಳ, ಅದರ ಮೇಲೆ ಮದುವೆ ಕಾಗದದ ಬೆನ್ನಿಗೆ ನಾನೇ ಬರೆದ ಸೊಟ್ಟ ಚಿತ್ರಗಳು. ಮೊದಲು ನಾಲ್ಕೇ ಮನೆ. ಬೇಕು, ಬೇಡ, ಇನ್ನೂ, ನೋವು. ಕೈ ಆಡದ ಅವಳಿಗೆ ಕಣ್ಣೇ ಬೆರಳು. ಮೇಲೆ ನೋಡಿದರೆ ಹೌದು, ಕಣ್ಣು ಬಿಗಿಯಾಗಿ ಮುಚ್ಚಿದರೆ ಇಲ್ಲ. ದೃಷ್ಟಿಯೂ ಸರಿಯಿಲ್ಲದ ಮಕ್ಕಳಿಗೆ ಚಿತ್ರದ ಬದಲು ವಸ್ತುಗಳನ್ನೇ ಇಡಬಹುದು. ಟವಲು ಮುಟ್ಟಿಸಿದರೆ ಸ್ನಾನ, ಚಮಚ ಮುಟ್ಟಿಸಿದರೆ ಊಟ, ಚಪ್ಪಲಿ ಮುಟ್ಟಿಸಿದರೆ ಹೊರಗೆ ಹೋಗುವುದು. ದಿನವೂ ಅದೇ ವಸ್ತು, ಅದೇ ಕ್ರಮ ಇದ್ದರೆ ಮುಂದೇನು ನಡೆಯಲಿದೆ ಎಂದು ಮಗುವಿಗೆ ಗೊತ್ತಾಗುತ್ತದೆ. ಧುತ್ತೆಂದು ಮೈಮೇಲೆ ನೀರು ಬೀಳುವ ಗಾಬರಿ ತಪ್ಪುತ್ತದೆ.

ರಟ್ಟು ಬಂದ ಮೊದಲ ತಿಂಗಳು ನಮ್ಮ ಮನೆ ರಣರಂಗ. ಬೇಡ ಎನ್ನುವುದನ್ನು ಕಲಿತದ್ದೇ ತಡ, ಅವಳಿಗೆ ಎಲ್ಲವೂ ಬೇಡ. ಉಪ್ಪಿಟ್ಟು ಬೇಡ, ಹಸಿರು ಫ್ರಾಕು ಬೇಡ, ಎಣ್ಣೆ ನೀರು ಬೇಡ, ಪಕ್ಕದ ಮನೆಯವರು ಬೇಡ. "ನೋಡಮ್ಮಾ, ಎಷ್ಟು ಸಾಧು ಮಗು ಆಗಿತ್ತು, ನಿನ್ನ ರಟ್ಟು ಬಂದ್ಮೇಲೆ ಹಠಮಾರಿ ಆಯ್ತು" ಎಂದು ಅತ್ತೆಯವರು ಮುಖ ಊದಿಸಿದರು. ಅದಕ್ಕೂ ಮೊದಲು ಅವಳು ಉಪ್ಪಿಟ್ಟಿಗೆ ಹಲ್ಲು ಕಚ್ಚಿ, ಮೈ ಬಿಲ್ಲಿನಂತೆ ಸೆಟೆಸಿ ಅಳುತ್ತಿದ್ದಳು. ಆಗ ಅದನ್ನು ರೋಗ ಎನ್ನುತ್ತಿದ್ದರು, ಈಗ ಹಠ ಎನ್ನತೊಡಗಿದರು. ನನ್ನ ಮಟ್ಟಿಗೆ ಅದು ಬಡ್ತಿ. ನಿಮ್ಮ ಮನೆಯ ಎರಡು ವರ್ಷದ ಕೂಸು ದಿನಕ್ಕೆ ಎಷ್ಟು ಸಲ ಬೇಡ ಎನ್ನುತ್ತದೆ, ಲೆಕ್ಕ ಹಾಕಿ. ನನ್ನ ಮಗಳು ಮೂರು ವರ್ಷದ ಬಾಕಿ ವಸೂಲು ಮಾಡುತ್ತಿದ್ದಳು, ಅಷ್ಟೇ.

ತಜ್ಞರು ಈ ವಿದ್ಯೆಗೆ ಪರ್ಯಾಯ ಮತ್ತು ಪೂರಕ ಸಂವಹನ ಎನ್ನುತ್ತಾರೆ. ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಎಎಸಿ ಎಂದೂ ಕರೆಯುತ್ತಾರೆ. ಇದರ ವಿರುದ್ಧ ನಾನು ಕೇಳಿದ ಮೊದಲ ಆಕ್ಷೇಪ, "ಚಿತ್ರ ತೋರಿಸೋದು ಕಲಿಸಿಬಿಟ್ಟರೆ ಮಗು ಮಾತು ಕಲಿಯೋದೇ ಇಲ್ಲ." ಡಾಕ್ಟರುಗಳ ಬಾಯಲ್ಲೂ ಕೇಳಿದ್ದೇನೆ. ಬೇರೆ ಬೇರೆ ದೋಷಗಳಿರುವ ಮಕ್ಕಳು ಹಾಗೂ ದೊಡ್ಡವರ ಮೇಲೆ ನಡೆದ ಇಂಥ ಪ್ರಯತ್ನಗಳನ್ನು ಒರೆಗೆ ಹಚ್ಚಿದ ಸಮೀಕ್ಷೆಯೊಂದು 2006ರಲ್ಲಿ ಪ್ರಕಟವಾಯಿತು. ನಂಬಬಹುದಾದ ದಾಖಲೆಯಿದ್ದ 27 ಜನರಲ್ಲಿ ಮಾತು ಕಡಿಮೆಯಾದವರು ಒಬ್ಬರೂ ಇರಲಿಲ್ಲ. ಬಹುಪಾಲು ಜನರಲ್ಲಿ ಅಷ್ಟಿಷ್ಟು ಮಾತು ಹೆಚ್ಚಿಯೇ ಇತ್ತು. ಮಾತಾಡಬಲ್ಲ ಮಗು ಮಾತಾಡಿಯೇ ಆಡುತ್ತದೆ, ಬಾಯಿ ಮಾತಿನಷ್ಟು ಸಲೀಸು ಬೇರೆ ಯಾವುದಿದೆ? ಮಾತು ಬರಲಿ ಎಂದು ಎಂಟು ವರ್ಷ ಕಾದು ಕೂತ ಮನೆಗಳನ್ನು ಕಂಡಿದ್ದೇನೆ. ಬಜೆ ತೇಯ್ದು ನೆಕ್ಕಿಸಿದ್ದಾರೆ, ಹರಕೆ ಹೊತ್ತಿದ್ದಾರೆ. ಅವರನ್ನು ನಾನು ಹಂಗಿಸುವುದಿಲ್ಲ. ಆದರೆ ಆ ಎಂಟು ವರ್ಷ ಮಗು ಬಾಯಿಲ್ಲದೆ ಕಳೆಯಿತಲ್ಲ, ಅದಕ್ಕೆ ಯಾರು ಹೊಣೆ? ಹರಕೆಯ ಜೊತೆಗೇ ಒಂದು ರಟ್ಟು ಇಟ್ಟಿದ್ದರೆ ಯಾವ ದೇವರೂ ಮುನಿಯುತ್ತಿರಲಿಲ್ಲ.

ಮಗು ಕೂರುವ ಬಗೆಯೂ ಈ ಮಾತಿಗೆ ಸೇರಿದ್ದೇ. ಮಲಗಿಸಿ ತಿನ್ನಿಸುವುದು, ಮಲಗಿಸಿಯೇ ಮಾತಾಡಿಸುವುದು ನಮ್ಮಲ್ಲಿ ರೂಢಿ. ಮಲಗಿದ ಮಗುವಿಗೆ ತಾರಸಿಯ ಫ್ಯಾನು ಬಿಟ್ಟು ಬೇರೇನೂ ಕಾಣುವುದಿಲ್ಲ. ಹಾಗೆ ತಿನ್ನಿಸಿದರೆ ಅನ್ನ ಶ್ವಾಸನಾಳಕ್ಕೆ ಹೋಗುವ ಅಪಾಯವೂ ಉಂಟು. ಸೊಂಟ ಹಿಂದಕ್ಕೆ ಒತ್ತಿ, ಮಂಡಿ ಮಡಿಸಿ, ಪಾದಕ್ಕೆ ಆಧಾರ ಕೊಟ್ಟು, ತಲೆಗೆ ಎರಡೂ ಕಡೆ ಆನಿಕೆ ಇಟ್ಟರೆ ಸೆಟೆತ ಅರ್ಧ ಇಳಿಯುತ್ತದೆ, ಕಣ್ಣು ನಿಲ್ಲುತ್ತದೆ. ನಮ್ಮ ಬೀದಿಯ ಬಡಗಿ ಎರಡು ಹಲಗೆಗಳನ್ನು ಗೋಡೆಯ ಮೂಲೆಯ ಹಾಗೆ ಸೇರಿಸಿ, ಎದುರಿಗೊಂದು ಮಣೆ ಹಾಕಿ ಕುರ್ಚಿ ಮಾಡಿಕೊಟ್ಟ. ಎಲ್ಲೋ ವಿದೇಶದಿಂದ ತರಿಸಬೇಕಾದ ಸಾಮಾನಲ್ಲ ಅದು.

ಚಿತ್ರಗಳ ಕಥೆಯೂ ಸ್ವಾರಸ್ಯವಾಗಿದೆ. ಚಾರ್ಲ್ಸ್ ಬ್ಲಿಸ್ ಎಂಬ ಯಹೂದಿ ಎಂಜಿನಿಯರ್ 1897ರಲ್ಲಿ ಆಗಿನ ಆಸ್ಟ್ರಿಯಾ ಸಾಮ್ರಾಜ್ಯದಲ್ಲಿ ಹುಟ್ಟಿದವನು, ಹಿಟ್ಲರನ ಸೆರೆಶಿಬಿರಗಳಿಂದ ಬದುಕಿ ಬಂದವನು. ತಪ್ಪಿಸಿಕೊಂಡು ಶಾಂಘೈ ಸೇರಿದ. ಅಲ್ಲಿಯ ಚೀನೀ ಲಿಪಿ ನೋಡಿ, ಎಲ್ಲ ದೇಶದವರೂ ಓದಬಲ್ಲ ಚಿತ್ರಲಿಪಿ ಕಟ್ಟಿದರೆ ಜಗತ್ತಿನಲ್ಲಿ ಜಗಳವೇ ಇರುವುದಿಲ್ಲ ಎಂದು ಕನಸು ಕಂಡ. 1949ರಲ್ಲಿ ಆಸ್ಟ್ರೇಲಿಯಾದಲ್ಲಿ ಪುಸ್ತಕ ಅಚ್ಚು ಹಾಕಿಸಿದ. ಯಾರೂ ಮೂಸಿ ನೋಡಲಿಲ್ಲ. 1971ರಲ್ಲಿ ಕೆನಡಾದ ಟೊರಾಂಟೊದಲ್ಲಿ ಶರ್ಲಿ ಮೆಕ್‌ನಾಟನ್ ಎಂಬ ಶಿಕ್ಷಕಿ, ಮಾತು ಬಾರದ ಸೆರೆಬ್ರಲ್ ಪಾಲ್ಸಿ ಮಕ್ಕಳಿಗೆ ಏನು ಕೊಡಲಿ ಎಂದು ಹುಡುಕುತ್ತಿದ್ದಾಗ ಆ ಲಿಪಿ ಕೈಗೆ ಸಿಕ್ಕಿತು. ಮಕ್ಕಳು ಚಿತ್ರಕ್ಕೆ ಚಿತ್ರ ಸೇರಿಸಿ ಸ್ವಂತ ವಾಕ್ಯ ಕಟ್ಟಿದರು. ಜಗತ್ತಿನ ದೊಡ್ಡವರಿಗೆಂದು ಮಾಡಿದ್ದು ಮಕ್ಕಳ ಪಾಲಿಗಾಯಿತು. ತನ್ನ ಲಿಪಿಯನ್ನು ತಿದ್ದಿದರೆಂದು ಆಮೇಲೆ ಆ ಮುದುಕ ಅವರ ಮೇಲೆ ಬಹಳ ಜಗಳವಾಡಿದನಂತೆ!

ಆದರೆ ಚಿತ್ರದಲ್ಲೇ ನಿಂತರೆ ಸಾಲದು. ಚಿತ್ರ ಬರೆಯುವವಳು ನಾನು. ಯಾವ ಮಾತು ಬೇಕಾಗುತ್ತದೆ ಎಂದು ನಿರ್ಧರಿಸುವವಳೂ ನಾನು. ನಾನು ಊಹಿಸದ ಮಾತು ಅವಳಿಗೆ ಬೇಕಾದರೆ? ಅದಕ್ಕೇ ರಟ್ಟಿನ ಮೂಲೆಯಲ್ಲಿ "ಬೇರೆ ಏನೋ" ಎಂಬ ಮನೆ ಇರಬೇಕು, ಮುಂದೆ ಅಕ್ಷರ ಇರಲೇಬೇಕು. ಇಂಗ್ಲಿಷಿಗೆ 26 ಅಕ್ಷರ, ಕನ್ನಡಕ್ಕೆ 49, ಮೇಲೆ ಕಾಗುಣಿತ, ಒತ್ತು. ಇದನ್ನೆಲ್ಲ ಕಣ್ಣಿನಲ್ಲಿ ಬರೆಯುವುದು ಹೇಗೆ ಎಂದು ನನ್ನನ್ನು ಹೆದರಿಸಿದವರು ಬಹಳ. "ಇಂಥ ಮಕ್ಕಳಿಗೆ ಇಂಗ್ಲಿಷೇ ಸುಲಭ" ಎಂದರು.

ನಮ್ಮ ವರ್ಣಮಾಲೆಯನ್ನೊಮ್ಮೆ ನೋಡಿ. ಕ ಖ ಗ ಘ ಙ ಗಂಟಲಿನದು, ಚ ಛ ಜ ಝ ಞ ಅಂಗುಳಿನದು, ಕೊನೆಗೆ ಪ ಫ ಬ ಭ ಮ ತುಟಿಯದು. ಬಾಯಿಯೊಳಗಿನ ಜಾಗ ನೋಡಿ ಐದು ಸಾಲು, ಸಾಲಿಗೆ ಐದು ಅಕ್ಷರ ಜೋಡಿಸಿಟ್ಟಿದ್ದಾರೆ ಹಿಂದಿನವರು. ಬಾಯಿ ಆಡದ ಮಗುವಿಗೆ ಈ ಜೋಡಣೆಯಷ್ಟು ಉಪಕಾರಿ ಬೇರೊಂದಿಲ್ಲ. ನಾನು ಒಂದೊಂದೇ ಸಾಲು ಹೇಳುತ್ತಾ ಹೋಗುತ್ತೇನೆ. "ಕ ಸಾಲಾ? ಚ ಸಾಲಾ? ಟ ಸಾಲಾ? ತ ಸಾಲಾ? ಪ ಸಾಲಾ?" ಅವಳ ಕಣ್ಣು ಮೇಲೆ ಹೋಗುತ್ತದೆ. "ಪ? ಫ? ಬ?" ಮತ್ತೆ ಮೇಲೆ. ಬ ಸಿಕ್ಕಿತು. ಆಮೇಲೆ ಸ್ವರಗಳ ಸಾಲು, ಅದರಲ್ಲಿ ಏ. ಬೇ ಆಯಿತು. ಮತ್ತೆ ಸಾಲು, ಟ ಸಾಲಿನ ಮೂರನೆಯದು, ಡ. ಬೇಡ! ಕಾಗುಣಿತವನ್ನು ಹೀಗೆ ವ್ಯಂಜನ, ಸ್ವರ ಎಂದು ಬಿಡಿಸಿಬಿಟ್ಟರೆ ಒಂದೇ ರಟ್ಟಿನಲ್ಲಿ ಕನ್ನಡವೆಲ್ಲ ಬರುತ್ತದೆ. ಸ್ವರ ಹೇಳದಿದ್ದರೆ ಅಕಾರ ಎಂದು ನಮ್ಮ ಒಪ್ಪಂದ. ಒಂದು ವಾಕ್ಯಕ್ಕೆ ಐದು ನಿಮಿಷ ಹಿಡಿಯುತ್ತದೆ, ಒಪ್ಪುತ್ತೇನೆ. ಕಾಯುವುದಕ್ಕೆ ಬರುವವರಿಗೆ ಮಾತ್ರ ಅದು ವಾಕ್ಯ.

ಈಗ ಮೊಬೈಲು, ಟ್ಯಾಬ್ಲೆಟ್‌ಗಳಲ್ಲೂ ಇಂಥ ರಟ್ಟು ಬಂದಿದೆ. ಚೆನ್ನೈಯಲ್ಲಿ ಹುಟ್ಟಿದ ಆವಾಜ್ ಎಂಬುದು ಚಿತ್ರ ಒತ್ತಿದರೆ ಧ್ವನಿಯಲ್ಲಿ ಹೇಳುತ್ತದೆ. ಕಣ್ಣಿನ ಚಲನೆ ಹಿಡಿಯುವ ಯಂತ್ರಗಳೂ ಇವೆ, ಲಕ್ಷಗಟ್ಟಲೆ ಬೆಲೆ. ಬರಲಿ, ಎಲ್ಲರ ಕೈಗೂ ಸಿಗಲಿ. ಆದರೆ ಯಂತ್ರ ಕೊಂಡ ದಿನ ಮಾತು ಬರುತ್ತದೆಂದು ಹಣ ಕೂಡಿಸುತ್ತಾ ಕೂರಬೇಡಿ. ರಟ್ಟಿಗೆ ಚಾರ್ಜು ಬೇಕಿಲ್ಲ. ಸ್ನಾನದ ಮನೆಗೂ ಒಯ್ಯಬಹುದು.

ಇಲ್ಲೊಂದು ಎಚ್ಚರಿಕೆಯ ಮಾತು. ಮಗುವಿನ ಕೈಯನ್ನೋ ಮೊಣಕೈಯನ್ನೋ ದೊಡ್ಡವರು ಹಿಡಿದುಕೊಂಡು ಅಕ್ಷರ ಮುಟ್ಟಿಸಿ, "ನೋಡಿ, ಮಗು ಕವಿತೆ ಬರೆಯಿತು" ಎಂದು ತೋರಿಸುವವರಿದ್ದಾರೆ. 1990ರ ದಶಕದಲ್ಲಿ ಪಶ್ಚಿಮದಲ್ಲಿ ಇದರ ದೊಡ್ಡ ಅಲೆಯೇ ಎದ್ದಿತ್ತು. ಕೈ ಹಿಡಿದವರಿಗೆ ಒಂದು ಚಿತ್ರ, ಮಗುವಿಗೆ ಇನ್ನೊಂದು ಚಿತ್ರ ತೋರಿಸಿ ಪರೀಕ್ಷೆ ಮಾಡಿದಾಗ ಬರುತ್ತಿದ್ದ ಉತ್ತರ ಕೈ ಹಿಡಿದವರದ್ದಾಗಿತ್ತು. 1994ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘವೇ ಇದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಹೇಳಿತು. ಮೋಸ ಮಾಡಬೇಕೆಂದು ಅವರು ಮಾಡಿದ್ದಲ್ಲ, ಆಸೆಯೇ ಕೈಯನ್ನು ನಡೆಸುತ್ತದೆ. ಮಗು ನಿಧಾನವಾಗಿ ಹೇಳಲಿ, ತಪ್ಪು ಹೇಳಲಿ, ಉಪ್ಪಿಟ್ಟು ಬೇಡ ಎಂಬಷ್ಟೇ ಹೇಳಲಿ, ಅದು ಅದರದೇ ಮಾತಾಗಿರಬೇಕು. ನಾವು ಬರೆದು ಅದರ ಹೆಸರು ಹಾಕುವುದೂ ಬಾಯಿ ಮುಚ್ಚಿಸುವ ಇನ್ನೊಂದು ದಾರಿಯೇ.

ಇಷ್ಟೆಲ್ಲ ಏಕೆ ಕಿರುಚಾಡುತ್ತೀರಿ, ಉಪ್ಪಿಟ್ಟೋ ದೋಸೆಯೋ, ಹೊಟ್ಟೆ ತುಂಬಿದರೆ ಸಾಲದೆ ಎಂದು ನನ್ನ ಓರಗಿತ್ತಿ ಒಮ್ಮೆ ಕೇಳಿದಳು. ಸಾಲದು. ಮಗಳು ಒಂಬತ್ತು ವರ್ಷದವಳಿದ್ದಾಗ ರಾತ್ರಿಯೆಲ್ಲ ಅಳಲು ಶುರುಮಾಡಿದಳು. ತೋರಿಸಿದ ಕಡೆ, "ಇಂಥ ಮಕ್ಕಳು ಅಳೋದೇ ಹಾಗೆ" ಎಂದು ನಿದ್ದೆಯ ಔಷಧಿ ಬರೆದುಕೊಟ್ಟರು. ರಟ್ಟಿನಲ್ಲಿ ಅವಳು ನೋವು ಎಂದಳು. ಮೈಯ ಚಿತ್ರ ಹಿಡಿದು ತಲೆಯಾ, ಹೊಟ್ಟೆಯಾ, ಸೊಂಟವಾ ಎಂದು ಒಂದೊಂದೇ ಕೇಳುತ್ತಾ ಬಂದೆ. ಸೊಂಟ, ಎಡಗಡೆ. ಬೇರೆ ಕಡೆ ಹೋಗಿ ಎಕ್ಸ್‌ರೇ ತೆಗೆಸಿದರೆ ತೊಡೆಯ ಮೂಳೆ ಕೀಲಿನಿಂದ ಜರುಗಿತ್ತು. ಆಗಲೇ ಹೇಳಿದ 2012ರ ಆ ಲೆಕ್ಕದ ಪ್ರಕಾರ ಸೆರೆಬ್ರಲ್ ಪಾಲ್ಸಿ ಇರುವ ನಾಲ್ವರಲ್ಲಿ ಮೂವರಿಗೆ ನೋವಿರುತ್ತದೆ, ಮೂವರಲ್ಲಿ ಒಬ್ಬರಿಗೆ ಸೊಂಟದ ಕೀಲು ಜರುಗುತ್ತದೆ. ಅವರಲ್ಲಿ ಎಷ್ಟು ಮಕ್ಕಳಿಗೆ ನಿದ್ದೆಯ ಔಷಧಿ ಸಿಕ್ಕಿದೆಯೋ!

ಇನ್ನೂ ಒಂದು ಮಾತಿದೆ, ಹೆಂಗಸರು ನಾವು ತಗ್ಗಿದ ದನಿಯಲ್ಲಿ ಆಡಿಕೊಳ್ಳುವ ಮಾತು. ಹೆಣ್ಣು ಮಗು ಬೆಳೆಯುತ್ತದೆ. ಬಟ್ಟೆ ಬಿಚ್ಚಲು, ತೊಳೆಯಲು ಬೇರೆಯವರ ಕೈ ಬೇಕಾದ ಮಗು. ಓಡಲಾರದು, ತಳ್ಳಲಾರದು, ಕೂಗಿದರೂ ಆ ಕೂಗಿಗೆ ಅರ್ಥ ಹಚ್ಚುವವರಿಲ್ಲ. 2012ರಲ್ಲಿ ಬಂದ ಪೋಕ್ಸೊ ಕಾಯಿದೆಯಲ್ಲಿ, ಅಂಗವಿಕಲ ಮಗುವಿನ ಹೇಳಿಕೆ ಪಡೆಯುವಾಗ ಆ ಮಗುವಿನ ಸಂವಹನದ ರೀತಿಯನ್ನು ಬಲ್ಲವರ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಬಹುದೆಂದು ಬರೆದಿದ್ದಾರೆ. ಒಳ್ಳೆಯ ಮಾತು. ಆದರೆ ಮಗುವಿಗೆ ಸಂವಹನದ ರೀತಿಯನ್ನೇ ನಾವು ಕೊಟ್ಟಿಲ್ಲದಿದ್ದರೆ ನ್ಯಾಯಾಲಯ ಯಾರನ್ನು ಕರೆಸಬೇಕು? ಮೈಯ ಭಾಗಗಳ ಹೆಸರು, ಮುಟ್ಟಬೇಡ, ಅಮ್ಮನಿಗೆ ಹೇಳುತ್ತೇನೆ ಎಂಬ ಮನೆಗಳು ನನ್ನ ಮಗಳ ರಟ್ಟಿನಲ್ಲಿ ಅವಳಿಗೆ ಎಂಟು ತುಂಬುವ ಮೊದಲೇ ಇದ್ದವು. ನೋಡಿದ ನೆಂಟರು ಥೂ ಎಂದರು. ಅನ್ನಲಿ. ಉಪ್ಪಿಟ್ಟು ಬೇಡ ಎಂದರೆ ಕೇಳುವವರಿದ್ದಾರೆ ಎಂದು ಗೊತ್ತಾದ ಮಗುವೇ ನಾಳೆ ಆ ಇನ್ನೊಂದು ಬೇಡವನ್ನೂ ಹೇಳಬಲ್ಲದು. ನನ್ನ ಓರಗಿತ್ತಿಗೆ ಅಂದು ನಾನು ಕೊಟ್ಟ ಉತ್ತರ ಇದು. ಅವಳು ಆಮೇಲೆ ಆ ವಿಷಯ ಎತ್ತಲಿಲ್ಲ.

ಇನ್ನು ಶಾಲೆ. 2010ರಲ್ಲಿ ಶಿಕ್ಷಣ ಹಕ್ಕಿನ ಕಾಯಿದೆ ಜಾರಿಗೆ ಬಂತೆಂದು ನಾನೂ ಉಬ್ಬಿ ಮಗಳನ್ನು ಕರೆದುಕೊಂಡು ಹೋದೆ. "ನಮ್ಮದೇನೂ ಅಭ್ಯಂತರ ಇಲ್ಲಮ್ಮಾ, ಆದ್ರೆ ಬೇರೆ ಮಕ್ಕಳ ತಂದೆತಾಯಿ ಒಪ್ಪಬೇಕಲ್ಲ" ಎಂದರು. 2012ರಲ್ಲಿ ಕಾಯಿದೆಗೆ ತಿದ್ದುಪಡಿ ಬಂತು. ತೀವ್ರ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಗು ಮನೆಯಲ್ಲೇ ಕಲಿಯುವುದನ್ನು ಆಯ್ದುಕೊಳ್ಳಬಹುದು ಎಂದು. ಆಯ್ದುಕೊಳ್ಳುವ ಹಕ್ಕು ಮಗುವಿನದು, ಗಮನಿಸಿ. ನಡೆದದ್ದೇನು? ಆಯ್ಕೆ ಶಾಲೆಯವರ ಪಾಲಾಯಿತು. "ಗೃಹಾಧಾರಿತ ಶಿಕ್ಷಣ ಇದೆಯಲ್ಲಮ್ಮಾ" ಎಂಬ ಒಂದೇ ಮಾತಿನಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಮನೆಗೆ ಬರುವ ಸಂಪನ್ಮೂಲ ಶಿಕ್ಷಕಿಯರು ಒಳ್ಳೆಯವರು. ಆದರೆ ಒಬ್ಬೊಬ್ಬರಿಗೆ ಎಷ್ಟೊಂದು ಹಳ್ಳಿ, ಎಷ್ಟೊಂದು ಮಕ್ಕಳು. ಬಂದವರು ಕೈಕಾಲಿಗೆ ವ್ಯಾಯಾಮ ಮಾಡಿಸಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಮುಂದಿನ ಮನೆಗೆ ಓಡಬೇಕು. ಜೊತೆಗೆ ಕೂತು ಜಗಳವಾಡುವ, ಪೆನ್ಸಿಲು ಕದಿಯುವ, ಗುಟ್ಟು ಹೇಳುವ ಗೆಳತಿಯನ್ನು ಅವರು ಚೀಲದಲ್ಲಿ ಹಾಕಿಕೊಂಡು ಬರಲಾರರು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 18 ವರ್ಷದವರೆಗೆ ಉಚಿತ ಶಿಕ್ಷಣ ಎಂದಿತು. ನನ್ನ ಮಗಳು 18 ದಾಟಿದ್ದು ಮನೆಯ ಹಜಾರದಲ್ಲಿ. ಈ ನಡುವೆ ಸರ್ಕಾರದ ಬಾಯಲ್ಲಿ ಅವಳ ಹೆಸರು ಮಾತ್ರ ಅಂಗವಿಕಲೆ, ವಿಕಲಚೇತನೆ, ವಿಶೇಷಚೇತನೆ ಎಂದು ಬದಲಾಗುತ್ತಾ ಹೋಯಿತು.

ಶಾಲೆಗೆ ಕೇಳಬೇಕಾದದ್ದು ದೊಡ್ಡದೇನಲ್ಲ. ಗಾಲಿಕುರ್ಚಿ ಹೋಗುವ ಒಂದು ಇಳಿಜಾರು, ಒಬ್ಬ ಆಯಾ, ಗೋಡೆಯ ಮೇಲೆ ಎಲ್ಲ ಮಕ್ಕಳಿಗೂ ಕಾಣುವಂತೆ ಒಂದು ದೊಡ್ಡ ಅಕ್ಷರದ ರಟ್ಟು. ಮಕ್ಕಳು ಒಂದು ವಾರದಲ್ಲಿ ಕಲಿತುಬಿಡುತ್ತಾರೆ, ದೊಡ್ಡವರಿಗೇ ಕಷ್ಟ. ನಮ್ಮ ಬೀದಿಯ ಹುಡುಗಿಯರು ನನ್ನ ಮಗಳ ಜೊತೆ ಕ ಸಾಲಾ ಚ ಸಾಲಾ ಎಂದು ಅಂತ್ಯಾಕ್ಷರಿ ಆಡುತ್ತಿದ್ದರು, ನನಗಿಂತ ಬೇಗ ಅವಳ ಮಾತು ಹಿಡಿಯುತ್ತಿದ್ದರು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತಿನ ತಜ್ಞರನ್ನು ತಯಾರು ಮಾಡುವ ದೇಶದ ದೊಡ್ಡ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದ್ದೂ, ತಾಲ್ಲೂಕಿನ ತಾಯಿ ಮಗುವನ್ನು ಹೊತ್ತು ಬಸ್ಸು ಹತ್ತಬೇಕು. ಅಂಗನವಾಡಿ ಕಾರ್ಯಕರ್ತೆಗೆ ಹೌದು ಇಲ್ಲ ಕೇಳುವ ಈ ಬಗೆಯನ್ನು ಹೇಳಿಕೊಡಲು ಎಷ್ಟು ದಿನ ಬೇಕು? ಬಾಳೆಹಣ್ಣು ಬಿಸ್ಕತ್ತಿನ ಪಾಠಕ್ಕೆ ಅರ್ಧ ದಿನ ಸಾಕು.

ಇದೆಲ್ಲ ಆಗುವವರೆಗೆ ಎಲ್ಲರೂ ಸೇರಿ ತಾಯಿಯನ್ನು ಹೊಗಳುತ್ತಾರೆ. "ನೀವು ತಾಳ್ಮೆಯ ಮೂರ್ತಿ ಕಣ್ರೀ, ಭೂಮಿತಾಯಿ!" ಅಲ್ಲಿಗೆ ನಾನೂ ವಿಗ್ರಹವಾದೆ. ಭೂಮಿತಾಯಿಗೆ ಬೆನ್ನು ನೋವು ಬರುತ್ತದೆ, ಭೂಮಿತಾಯಿ ಹದಿನೈದು ವರ್ಷದಿಂದ ಒಂದು ಸಿನಿಮಾ ಪೂರ್ತಿ ನೋಡಿಲ್ಲ ಎಂದು ಹೇಳಿದರೆ ಮುಖ ಸಣ್ಣದಾಗುತ್ತದೆ. ನನಗೆ ಹೊಗಳಿಕೆ ಬೇಡ. ವಾರಕ್ಕೆ ಎರಡು ಗಂಟೆ ನನ್ನ ಮಗಳ ಜೊತೆ ರಟ್ಟು ಹಿಡಿದು ಹರಟೆ ಹೊಡೆಯುವ ಒಬ್ಬ ಮನುಷ್ಯಳು ಬೇಕು. ಅವಳ ಮಾತು ತಿಳಿಯುವವಳು ಜಗತ್ತಿನಲ್ಲಿ ಅಮ್ಮ ಒಬ್ಬಳೇ ಆದರೆ, ಅಮ್ಮನ ಕಾಲದ ನಂತರ ಅವಳು ಮತ್ತೆ ದೇವರ ಮಗುವಾಗುತ್ತಾಳೆ. ರಾತ್ರಿ ನನಗೆ ನಿದ್ದೆ ಬಾರದಿರುವುದು ಈ ಒಂದು ಯೋಚನೆಗೆ.

ನಿಮ್ಮ ಬೀದಿಯಲ್ಲೂ ಅಂಥ ಒಂದು ಮನೆ ಇದ್ದೀತು. ಹೋದಾಗ "ಇವಳದ್ದು ಊಟ ಆಯ್ತಾ?" ಎಂದು ತಾಯಿಯನ್ನು ಕೇಳಬೇಡಿ. ಕುರ್ಚಿ ಎಳೆದುಕೊಂಡು ಮಗುವಿನ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ಊಟ ಆಯಿತೇ ಎಂದು ಅದನ್ನೇ ಕೇಳಿ. ಹೌದು ಎನ್ನುವುದಕ್ಕೆ ಅದು ಏನು ಮಾಡುತ್ತದೆ ಎಂಬುದನ್ನು ಮಾತ್ರ ತಾಯಿಯಿಂದ ತಿಳಿದುಕೊಳ್ಳಿ. ಕೇಳಿದ ಮೇಲೆ ಮನಸ್ಸಿನಲ್ಲೇ ಒಂದರಿಂದ ಹತ್ತು ಎಣಿಸಿ. ಮೈ ಸೆಟೆದರೆ ಗಾಬರಿಯಾಗಬೇಡಿ, ಉತ್ತರ ಹೊರಡುವ ಮೊದಲು ಹಾಗಾಗುತ್ತದೆ. ಹತ್ತಾದರೂ ಬರದಿದ್ದರೆ ಮತ್ತೆ ಒಂದರಿಂದ ಶುರುಮಾಡಿ.